18ನೇ ಶತಮಾನದ ಗೌನು: ಬಟ್ಟೆ ದುಬಾರಿ, ಕೈಕೆಲಸ ಅಗ್ಗವಾಗಿದ್ದ ಕಾಲದ ಹೊಲಿಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಉಳಿದುಕೊಂಡಿರುವ 18ನೇ ಶತಮಾನದ ರೇಷ್ಮೆ ಗೌನುಗಳನ್ನು ಹೊರಗಿನಿಂದಷ್ಟೇ ನೋಡಿದವರಿಗೆ ಅವುಗಳ ಒಳಗಿನ ಹೊಲಿಗೆಯನ್ನು ನಂಬುವುದು ಕಷ್ಟ. ಹೊರಮೈಯಲ್ಲಿ ಹೂಬಳ್ಳಿ, ಮಿಂಚುವ ರೇಷ್ಮೆ, ಬೆನ್ನಿನುದ್ದಕ್ಕೂ ಇಳಿದ ನೆರಿಗೆ. ಒಳಗೆ ತಿರುಗಿಸಿದರೆ ಮಡಿಚಿ ಹೊಲಿಯದೆ ಹಾಗೇ ಬಿಟ್ಟ ಅಂಚುಗಳು, ಉದ್ದುದ್ದ ಹೊಲಿಗೆಗಳು, ಕಂಕುಳ ಮರೆಯಲ್ಲಿ ಎರಡು ಮೂರು ತುಂಡು ಕೂಡಿಸಿ ಸರಿದೂಗಿಸಿದ ಬಟ್ಟೆ. ಇಂದು ಯಾವ ಟೈಲರ್ ಕೂಡ ಇಂಥದ್ದನ್ನು ಹೊಲಿದು ಗಿರಾಕಿಯ ಕೈಗೆ ಕೊಡಲಾರ. ಆದರೂ ಇದನ್ನು ಹೊಲಿದವರು ವರ್ಷಗಟ್ಟಲೆ ಕಲಿತು ಪಳಗಿದ ಕಸುಬಿನವರೇ.

ಆ ಕಾಲದ ಉಡುಪನ್ನು ಆ ಕಾಲದ ರೀತಿಯಲ್ಲೇ ಮತ್ತೆ ಹೊಲಿಯಬೇಕು ಎಂದು ಹೊರಟವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಆಗ ಬಟ್ಟೆ ತುಂಬ ದುಬಾರಿ, ಹೊಲಿಯುವ ಕೈ ತೀರಾ ಅಗ್ಗ. ಒಳ್ಳೆಯ ಹೂವಿನ ರೇಷ್ಮೆಗೆ ಹಲವು ಪೌಂಡ್ ಸುರಿದವಳು ಹೊಲಿಗೆಯ ಕೂಲಿ ಎಂದು ಕೊಡುತ್ತಿದ್ದದ್ದು ಕೆಲವೇ ಶಿಲ್ಲಿಂಗ್. ಒಂದು ಪೌಂಡಿಗೆ 20 ಶಿಲ್ಲಿಂಗ್ ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ. ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳು ಬಾರ್ಬರಾ ಜಾನ್ಸನ್ 1746ರಿಂದ 1823ರವರೆಗೆ ತಾನು ಹೊಲಿಸಿದ ಉಡುಪುಗಳ ಬಟ್ಟೆಯ ಚೂರುಗಳನ್ನು ಒಂದು ಲೆಕ್ಕದ ಪುಸ್ತಕದಲ್ಲಿ ಜೋಡಿಸಿಟ್ಟು, ಪಕ್ಕದಲ್ಲಿ ಎಷ್ಟು ಗಜ, ಗಜಕ್ಕೆ ಎಷ್ಟು ಬೆಲೆ ಎಂದು ಬರೆದಿಟ್ಟಳು. ಅದೇ ಮ್ಯೂಸಿಯಂನಲ್ಲಿರುವ ಆ ಪುಸ್ತಕದ ಪುಟ ತಿರುಗಿಸಿದರೆ ಆ ಹೆಣ್ಣುಮಗಳ ಮನಸ್ಸು ಯಾವುದರ ಮೇಲಿತ್ತು ಎಂಬುದು ಸ್ಪಷ್ಟ: ಗೌನು ಇಂದು ಇದ್ದು ನಾಳೆ ಬಿಚ್ಚಿಹೋಗಬಹುದು, ಬಟ್ಟೆ ಮಾತ್ರ ಆಸ್ತಿ.

ಆ ಕಾಲದ ಹೊಲಿಗೆಯಲ್ಲಿ ನಮಗೆ ವಿಚಿತ್ರವಾಗಿ ಕಾಣುವುದೆಲ್ಲ ಈ ಲೆಕ್ಕದಿಂದಲೇ ಹುಟ್ಟಿದ್ದು. ಹೊಲಿಗೆ ಉದ್ದುದ್ದವಾಗಿರುವುದು ಮುಂದೆ ಸುಲಭವಾಗಿ ಬಿಚ್ಚಲೆಂದು. ಒಳಗೆ ಧಾರಾಳವಾಗಿ ಮಡಚಿಟ್ಟ ಬಟ್ಟೆ ಮೈ ತುಂಬಿದಾಗ ಬಿಡಿಸಿಕೊಳ್ಳಲೆಂದು. ಕತ್ತರಿ ಹಾಕಬೇಕಾದ ಕಡೆಯೂ ನೆರಿಗೆ ಹಿಡಿದಿರುವುದು ಅಗಲವಾದ ತುಂಡು ಅಗಲವಾಗಿಯೇ ಉಳಿಯಲೆಂದು. 1740ರ ದಶಕದಲ್ಲಿ ನೇಯ್ದ ರೇಷ್ಮೆ 1770ರ ದಶಕದ ಮಾದರಿಯ ಗೌನಾಗಿ ಮ್ಯೂಸಿಯಂ ಸೇರಿರುವುದು ಅಪರೂಪವೇನಲ್ಲ. ತಾಯಿಯ ಗೌನನ್ನು ಬಿಚ್ಚಿ ಮಗಳಿಗೆ ಹೊಸ ಮಾದರಿಯಲ್ಲಿ ಹೊಲಿಸುತ್ತಿದ್ದರು.

ಪನ್ನದ, ಅಂದರೆ ಬಟ್ಟೆಯ ಅಗಲದ, ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ, ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ನೇಕಾರರು ಬೆಳೆಸಿದ ಕೇರಿಯಲ್ಲಿ, ನೇಯುತ್ತಿದ್ದ ರೇಷ್ಮೆಯ ಪನ್ನ 20 ಇಂಚಿನ ಆಸುಪಾಸು. ಇಂದು ನಮಗೆ ಅಂಗಡಿಯಲ್ಲಿ ಸಿಗುವ 44 ಇಂಚಿನ ಪನ್ನದ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಲಂಗದ ಘೇರಿಗೆ ಐದಾರು ಪನ್ನಗಳನ್ನು ಅಂಚಿಗೆ ಅಂಚು ಕೂಡಿಸಬೇಕಾಗುತ್ತಿತ್ತು. ಮಗ್ಗದ ಅಂಚು ನೂಲು ಬಿಡುವುದಿಲ್ಲವಾದ್ದರಿಂದ ಆ ಉದ್ದನೆಯ ಜೋಡಣೆಗಳಿಗೆ ಒಂದೇ ಸಾಲು ರನ್ನಿಂಗ್ ಹೊಲಿಗೆ ಸಾಕು. ಹಿಂದೆ ನೆರಿಗೆ ಇಳಿಬಿಟ್ಟ ಫ್ರೆಂಚ್ ಗೌನಿಗೂ ಅದೇ ಬಟ್ಟೆಯ ಲಂಗಕ್ಕೂ ಸೇರಿ 20 ಗಜದಷ್ಟು ಇಂಥ ಕಿರುಪನ್ನದ ರೇಷ್ಮೆ ಬೇಕಾಗುತ್ತಿತ್ತು. ಇಂದು ಅಗಲ ಪನ್ನದ ಬಟ್ಟೆ ತಂದು ಹೊಲಿಯುವವರು ಅದನ್ನು ಉದ್ದಕ್ಕೆ ಸೀಳಿ ಮತ್ತೆ ಜೋಡಿಸಬೇಕೆ ಎಂದು ಕೇಳುತ್ತಾರೆ. ಜೋಡಣೆ ಕಾಣುವ ಕಡೆ, ಅಂದರೆ ಬೆನ್ನಿನ ನಡುವೆ ಮತ್ತು ಲಂಗದ ಮುಂಭಾಗದಲ್ಲಿ, ಹಾಗೆ ಮಾಡಿದರೆ ಚೆನ್ನ. ಮಿಕ್ಕ ಕಡೆ ಬಟ್ಟೆ ಸೀಳುವುದು ವ್ಯರ್ಥ ಶ್ರಮ ಎಂಬುದು ನನ್ನ ಅಭಿಪ್ರಾಯ.

ಈ ಉಡುಪಿನ ಆಕಾರ ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1675ರಲ್ಲಿ ಫ್ರಾನ್ಸಿನ 14ನೇ ಲೂಯಿ ಪ್ಯಾರಿಸಿನ ಹೊಲಿಗೆ ಹೆಂಗಸರಿಗೆ ತಮ್ಮದೇ ವೃತ್ತಿಸಂಘ ಕಟ್ಟಿಕೊಳ್ಳುವ ಹಕ್ಕು ಕೊಟ್ಟ. ಅಲ್ಲಿಯವರೆಗೆ ಹೆಂಗಸರ ಮೇಲುಡುಪನ್ನು ಹೊಲಿಯುವ ಅಧಿಕಾರ ಗಂಡು ದರ್ಜಿಗಳದ್ದು. ಹೊಸ ಸಂಘಕ್ಕೆ ಗೌನು ಹೊಲಿಯಲು ಅನುಮತಿ ಸಿಕ್ಕಿತಾದರೂ ಒಳಗೆ ಗಟ್ಟಿ ಕಡ್ಡಿಗಳನ್ನು ಕೂರಿಸಿ ಹೊಲಿಯುವ ಬಿಗಿ ರವಿಕೆಗಳು ದರ್ಜಿಗಳ ಕೈಯಲ್ಲೇ ಉಳಿದವು. ದರ್ಜಿ ಅಳತೆ ತೆಗೆದು, ಗುರುತು ಹಾಕಿ, ಕತ್ತರಿಸಿ ಹೊಲಿಯುವವನು. ಹೊಲಿಗೆ ಹೆಂಗಸರು ಆಗ ಕೈಗೆತ್ತಿಕೊಂಡದ್ದು ಮ್ಯಾಂಟುವಾ ಎಂಬ ಸಡಿಲ ನಿಲುವಂಗಿ. ಭುಜದಿಂದ ನೆಲದವರೆಗೆ ನೇರವಾಗಿ ಇಳಿಯುವ ಬಟ್ಟೆ. ಅದನ್ನು ಉಟ್ಟವಳ ಮೈಮೇಲೆಯೇ ನೆರಿಗೆ ಹಿಡಿದು, ಪಿನ್ನು ಚುಚ್ಚಿ, ಆಕಾರಕ್ಕೆ ತರುತ್ತಿದ್ದರು. ಇಂಗ್ಲೆಂಡಿನಲ್ಲಿ ಈ ಕಸುಬಿನವರಿಗೆ ಮ್ಯಾಂಟುವಾ ಮೇಕರ್ ಎಂಬ ಹೆಸರೇ ನಿಂತಿತು. ಮುಂದಿನ ನೂರು ವರ್ಷದ ಗೌನುಗಳೆಲ್ಲ ಈ ಸಡಿಲ ನಿಲುವಂಗಿಯ ಮಕ್ಕಳು, ಮೊಮ್ಮಕ್ಕಳು. ಬೆನ್ನಿನ ನೆರಿಗೆಗಳು ಕುತ್ತಿಗೆಯಿಂದ ಅಂಚಿನವರೆಗೆ ತುಂಡಾಗದೆ ಇಳಿಯುವುದಕ್ಕೆ ಇದೇ ಕಾರಣ.

ಆದ್ದರಿಂದಲೇ ಗೌನಿಗೆ ಪೇಪರ್ ಕಟಿಂಗ್, ಅಂದರೆ ಕಾಗದದಲ್ಲಿ ಮೊದಲೇ ಕತ್ತರಿಸಿಟ್ಟ ಅಳತೆ, ಇಟ್ಟುಕೊಂಡು ಹೊರಡುವುದು ತಲೆಕೆಳಗಾದ ದಾರಿ. ಸೀರೆಯ ನೆರಿಗೆ ಉಡುವವಳ ಸೊಂಟದ ಮೇಲೆ ಹುಟ್ಟುವಂತೆ, ಈ ಗೌನಿನ ನೆರಿಗೆಯೂ ತೊಡುವವಳ ಬೆನ್ನ ಮೇಲೆ ಹುಟ್ಟುತ್ತದೆ. ಇಂದಿಗೂ ಉಳಿದುಕೊಂಡಿರುವ ಹಳೆಯ ಉಡುಪುಗಳನ್ನು ಅಳೆದು ತೆಗೆದ ಕಟಿಂಗ್‌ಗಳು ಇಂದು ಪುಸ್ತಕಗಳಲ್ಲಿ ಸಿಗುತ್ತವೆ. ಇಂಗ್ಲೆಂಡಿನ ಜಾನೆಟ್ ಅರ್ನಾಲ್ಡ್ ಹಳೆಯ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಅಳೆದು 1960ರ ದಶಕದಲ್ಲಿ ನಕ್ಷೆಗಳನ್ನು ಪ್ರಕಟಿಸದಿದ್ದರೆ ಈ ಹವ್ಯಾಸ ಇಷ್ಟು ಬೆಳೆಯುತ್ತಿರಲಿಲ್ಲ. ಆದರೆ ಆ ನಕ್ಷೆ ಇನ್ನೂರೈವತ್ತು ವರ್ಷ ಹಿಂದಿನ ಒಬ್ಬ ಹೆಂಗಸಿನ ಮೈಯ ದಾಖಲೆ. ಅದನ್ನು ನಿಮ್ಮ ಅಳತೆಗೆ ಹಿಗ್ಗಿಸಿ ಕತ್ತರಿಸಿದರೆ ಭುಜ, ಕಂಕುಳು ಎರಡೂ ಕೈಕೊಡುತ್ತವೆ. ಯಾವ ತುಂಡು ಯಾವುದರ ಪಕ್ಕ ಬರುತ್ತದೆ ಎಂದು ತಿಳಿಯಲು ಅದನ್ನು ನೋಡಿ. ಅಳತೆಯನ್ನು ಮಾತ್ರ ಮೈಯಿಂದಲೇ ತೆಗೆದುಕೊಳ್ಳಿ.

ಹೊಲಿಯುವುದು ಒಳಗಿನಿಂದ ಹೊರಕ್ಕೆ. ಮೊದಲು ಶಿಫ್ಟ್ ಎಂಬ ಒಳಂಗಿ. ಇದು ಲಿನನ್ ಬಟ್ಟೆಯದು, ಮೊಣಕಾಲಿನ ಕೆಳಗಿನವರೆಗೆ ಬರುವ ಸಡಿಲ ಅಂಗಿ. ಇದರಲ್ಲಿ ಒಂದೂ ಬಾಗುಗೆರೆಯ ತುಂಡಿಲ್ಲ ಎನ್ನಬಹುದು, ಕೊರಳೊಂದನ್ನು ಬಿಟ್ಟು. ಮೈಗೆ ಉದ್ದನೆಯ ಆಯತ, ತೋಳಿಗೆ ಆಯತ, ಘೇರಿಗೆ ಪಕ್ಕದಲ್ಲಿ ತ್ರಿಕೋನ, ಕಂಕುಳಲ್ಲಿ ಕೈ ಎತ್ತಲು ಅನುವಾಗುವಂತೆ ಓರೆಯಾಗಿ ಕೂರಿಸಿದ ಚೌಕ ತುಂಡು. ಬಟ್ಟೆಯ ಒಂದು ಚೂರೂ ಹಾಳಾಗದ ಲೆಕ್ಕಾಚಾರ. ಗಮನಿಸಬೇಕಾದ ವಿಷಯವೆಂದರೆ, ಯಾರಿಗೂ ಕಾಣದ ಈ ಒಳಂಗಿಯ ಹೊಲಿಗೆ ರೇಷ್ಮೆ ಗೌನಿನ ಹೊಲಿಗೆಗಿಂತ ಎಷ್ಟೋ ನಯ, ಎಷ್ಟೋ ಒತ್ತು. ರೇಷ್ಮೆ ಗೌನು ನೀರು ಕಾಣುತ್ತಿರಲಿಲ್ಲ. ಒಳಂಗಿಯನ್ನು ಮಾತ್ರ ಕುದಿಸಿ, ತಿಕ್ಕಿ, ಹಿಂಡಿ ಒಗೆಯುತ್ತಿದ್ದರು. ಆದ್ದರಿಂದ ಪ್ರತಿಯೊಂದು ಜೋಡಣೆಯನ್ನೂ ಒಳಗೆ ಮಡಚಿ, ನೂಲು ಹೊರಬರದಂತೆ ಎರಡನೇ ಬಾರಿ ಹೊಲಿದು ಮುಚ್ಚುತ್ತಿದ್ದರು. ಬೆವರನ್ನು ಹೀರಿ ಮೇಲಿನ ರೇಷ್ಮೆಯನ್ನು ಕಾಪಾಡುವುದು ಇದರ ಕೆಲಸ.

ಎರಡನೆಯದು ಸ್ಟೇಸ್ ಎಂಬ ಬಿಗಿ ರವಿಕೆ, ಇಡೀ ಆಕಾರದ ಅಡಿಪಾಯ. ಎರಡು ಪದರ ಗಟ್ಟಿ ಲಿನನ್ ನಡುವೆ ಕಿರಿದಾದ ಸಾಲುಗಳನ್ನು ಹೊಲಿದು, ಪ್ರತಿ ಸಾಲಿನೊಳಗೂ ಒಂದೊಂದು ಬಾಗುವ ಪಟ್ಟಿಯನ್ನು ತೂರಿಸುತ್ತಾರೆ. ಆಗ ಬಳಸುತ್ತಿದ್ದ ಪಟ್ಟಿ ತಿಮಿಂಗಿಲದ ಬಾಯಿಯೊಳಗೆ ಆಹಾರ ಸೋಸಲು ಇರುವ ಜಾಲರಿಯದು. ಅದು ಮೂಳೆಯಲ್ಲ, ನಮ್ಮ ಉಗುರಿನ ಜಾತಿಯ ವಸ್ತು. ತೆಳ್ಳಗೆ ಸೀಳಬಹುದು, ಮೈಯ ಬಿಸಿಗೆ ಮೆದುವಾಗಿ ತೊಟ್ಟವಳ ಆಕಾರಕ್ಕೆ ಒಗ್ಗುತ್ತದೆ. ಈಗ ಅದರ ಬದಲು ಅದೇ ಗುಣದ ಸಿಂಥೆಟಿಕ್ ಪಟ್ಟಿಗಳು ಸಿಗುತ್ತವೆ. ಬೆತ್ತದ ಸೀಳುಗಳೂ ಆಗುತ್ತವೆ, ಆ ಕಾಲದಲ್ಲೂ ಅಗ್ಗದ ಸ್ಟೇಸ್‌ಗಳಿಗೆ ಬೆತ್ತ ಬಳಸಿದ್ದುಂಟು. ಬೆನ್ನಿನ ಕಡೆ ಒಂದೇ ದಾರವನ್ನು ಸುರುಳಿಯಾಗಿ ಏರಿಸಿ ಬಿಗಿಯುತ್ತಿದ್ದರು. ಹೀಗಾಗಿ ಎರಡೂ ಬದಿಯ ತೂತುಗಳು ಎದುರುಬದುರು ಇರುವುದಿಲ್ಲ, ಅರ್ಧ ಅಂತರ ತಪ್ಪಿ ಕೂರುತ್ತವೆ. ಆ ತೂತುಗಳೆಲ್ಲ ಕಾಜಾದಂತೆ ಕೈಯಲ್ಲಿ ಸುತ್ತಿ ಹೊಲಿದವು. ಲೋಹದ ಉಂಗುರ ಹೊಡೆಯುವುದು 19ನೇ ಶತಮಾನದ ಪದ್ಧತಿ. ಅದೊಂದು ಕಂಡರೂ ಸಾಕು, ತಿಳಿದವರ ಕಣ್ಣಿಗೆ ಉಡುಪಿನ ಕಾಲ ತಪ್ಪುತ್ತದೆ.

ಸ್ಟೇಸ್ ಬಗ್ಗೆ ಸಿನಿಮಾಗಳು ಬಿತ್ತಿದ ತಪ್ಪು ಕಲ್ಪನೆ ಬಹಳ. ಸೊಂಟವನ್ನು ಕಣಜದಂತೆ ಹಿಸುಕುವುದು ಇದರ ಉದ್ದೇಶವಾಗಿರಲಿಲ್ಲ. ಎದೆಯನ್ನು ಕೆಳಗಿನಿಂದ ಎತ್ತಿ ಹಿಡಿದು, ಭುಜಗಳನ್ನು ಹಿಂದಕ್ಕೆ ತಂದು, ಮುಂಡವನ್ನು ನೇರ ಗೆರೆಗಳ ಶಂಕುವಾಗಿ ಮಾಡುವುದು ಇದರ ಕೆಲಸ. ಬುಡದಲ್ಲಿ ಸೀಳುಗಳಿಂದ ಬಿಡಿಬಿಡಿಯಾದ ಪಟ್ಟಿಗಳು ಸೊಂಟದ ಮೇಲೆ ಹರಡಿ ಕೂರುತ್ತವೆ. ಅದರಿಂದ ಅಂಚು ಮಾಂಸಕ್ಕೆ ಒತ್ತುವುದಿಲ್ಲ, ಜೊತೆಗೆ ಲಂಗಗಳ ಭಾರವನ್ನೂ ಅವೇ ಹೊರುತ್ತವೆ. ಹೊಲದಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಕಡೆ ದುಡಿಯುವ ಹೆಂಗಸರೂ ಇದನ್ನು ತೊಟ್ಟೇ ದುಡಿಯುತ್ತಿದ್ದರು. ಸರಿಯಾಗಿ ಹೊಲಿದ ಸ್ಟೇಸ್ ತೊಟ್ಟು ಬಗ್ಗಬಹುದು, ಉಸಿರಾಡಬಹುದು, ಭಾರ ಎತ್ತಬಹುದು. ನೋವಾದರೆ ಹೊಲಿಗೆಯಲ್ಲೇ ತಪ್ಪಿದೆ ಎಂದು ತಿಳಿಯಬೇಕು. ಇದನ್ನು ಬಿಟ್ಟು, ಇಂದಿನ ಒಳಉಡುಪಿನ ಮೇಲೆಯೇ ಗೌನು ಹೊಲಿದರೆ ಅದೆಷ್ಟು ಒಳ್ಳೆಯ ರೇಷ್ಮೆಯಾದರೂ ನಾಟಕದ ಉಡುಪಾಗಿಯೇ ಉಳಿಯುತ್ತದೆ.

ಸ್ಟೇಸ್ ಆದ ಮೇಲೆ ಲಾಡಿ ಕಟ್ಟಿ ಸೊಂಟಕ್ಕೆ ತೂಗುಹಾಕುವ ಜೇಬುಗಳು. ಹೌದು, ಜೇಬು ಗೌನಿನ ಭಾಗವಲ್ಲ, ಬೇರೆಯೇ ವಸ್ತು. ಲಂಗದ ಪಕ್ಕದ ಸೀಳಿನಿಂದ ಕೈ ಹಾಕಿ ತಲುಪುವುದು. ಇವು ಎಷ್ಟು ದೊಡ್ಡವೆಂದರೆ ಕೀಲಿಕೈ, ಪುಸ್ತಕ, ತಿಂಡಿ ಎಲ್ಲ ಹಿಡಿಯುತ್ತಿದ್ದವು. ಮೇಲೆ ಸೊಂಟದ ಎರಡೂ ಬದಿ ಉಬ್ಬಿಸುವ ಬಳೆಪಟ್ಟಿಗಳ ಚೌಕಟ್ಟು, ಅಥವಾ 1770ರ ದಶಕದ ಹೊತ್ತಿಗೆ ಹಿಂಭಾಗಕ್ಕೆ ಕಟ್ಟುವ ಸಣ್ಣ ದಿಂಬು. ಅದರ ಮೇಲೆ ಲಂಗಗಳು.

ಲಂಗದಲ್ಲಿ ಒಂದು ಸೂಕ್ಷ್ಮವಿದೆ. ಇಂದು ನಾವು ಲಂಗ ಹೊಲಿದ ಮೇಲೆ ಕೆಳಗೆ ಅಂಚನ್ನು ಸಮ ಮಾಡುತ್ತೇವೆ. ಆಗ ಸಮ ಮಾಡುತ್ತಿದ್ದದ್ದು ಮೇಲೆ, ಸೊಂಟದಲ್ಲಿ. ಬಟ್ಟೆಯ ಕೆಳಗಿನ ಅಂಚು ಹೊಕ್ಕಿನ ನೂಲಿಗೆ ನೇರವಾಗಿಯೇ ಇರುತ್ತದೆ. ಬದಿಗಳಲ್ಲಿ ಚೌಕಟ್ಟು ಉಬ್ಬಿರುವ ಕಡೆ ಬಟ್ಟೆ ಹೆಚ್ಚು ಬೇಕು, ಹೊಟ್ಟೆಯ ಕಡೆ ಕಡಿಮೆ ಬೇಕು. ಹೆಚ್ಚಾದದ್ದನ್ನು ಸೊಂಟದ ಬಳಿ ಒಳಕ್ಕೆ ಮಡಚಿ, ಅದರ ಮೇಲೆ ನೆರಿಗೆ ಹಿಡಿದು ಪಟ್ಟಿ ಕೂರಿಸುತ್ತಾರೆ. ಅಂಚು ಓರೆಯಾಗದ್ದರಿಂದ ಹೂವಿನ ಸಾಲು ನೆಲಕ್ಕೆ ಸಮಾನಾಂತರವಾಗಿ ನಿಲ್ಲುತ್ತದೆ, ಮುಂದೆ ಬಿಚ್ಚಿದಾಗ ಪೂರ್ತಿ ಆಯತ ಕೈಗೆ ಸಿಗುತ್ತದೆ. ಲಂಗಕ್ಕೆ ಮುಂದೆ ಒಂದು, ಹಿಂದೆ ಒಂದು ಪಟ್ಟಿ. ಹಿಂದಿನದನ್ನು ಮುಂದೆ ತಂದು, ಮುಂದಿನದನ್ನು ಹಿಂದೆ ಒಯ್ದು ಕಟ್ಟುವುದು. ಗರ್ಭಿಣಿಗೂ ಅದೇ ಲಂಗ, ಹೆತ್ತ ಮೇಲೂ ಅದೇ ಲಂಗ.

ಈಗ ಗೌನು. ಮಾದರಿಗಳು ಹಲವಿವೆ. ಬೆನ್ನಿನ ಮೇಲಿಂದ ದೊಡ್ಡ ನೆರಿಗೆಗಳು ಹಿಡಿತವಿಲ್ಲದೆ ನೆಲಕ್ಕೆ ಇಳಿಯುವ ಫ್ರೆಂಚ್ ಗೌನು, ನೆರಿಗೆಗಳನ್ನು ಸೊಂಟದವರೆಗೆ ಬೆನ್ನಿಗೆ ಅಂಟಿದಂತೆ ಹೊಲಿದ ಇಂಗ್ಲಿಷ್ ಗೌನು, 1770ರ ದಶಕದಲ್ಲಿ ಬಂದ, ಹಿಂದೆ ಲಂಗವನ್ನು ಮೇಲೆತ್ತಿ ಕಟ್ಟುವ ಪೊಲೊನೇಸ್. ಮೇಲೆತ್ತಿ ಕಟ್ಟಿದ್ದೆಲ್ಲ ಪೊಲೊನೇಸ್ ಎಂದು ಬರೆಯುವುದು ಇಂದಿನ ರೂಢಿ, ಆದರೆ ಅದು ಸರಿಯಲ್ಲ. ಪೊಲೊನೇಸ್‌ನ ಗುರುತು ಅದರ ಕಟಿಂಗ್‌ನಲ್ಲಿದೆ: ಎದೆಯ ಮೇಲ್ಭಾಗದಲ್ಲಿ ಮಾತ್ರ ಕೂಡಿ, ಅಲ್ಲಿಂದ ಕೆಳಗೆ ಎರಡೂ ಬದಿಗೆ ಸರಿದು ಹೋಗುವ ಮುಂಭಾಗ, ಸೊಂಟದಲ್ಲಿ ಅಡ್ಡ ಜೋಡಣೆ ಇಲ್ಲದಿರುವುದು. ಹೊಸಬರಿಗೆ ಇಂಗ್ಲಿಷ್ ಗೌನು ಒಳ್ಳೆಯದು. ಬಟ್ಟೆ ಕಡಿಮೆ ಸಾಕು, ಕಲಿಯುವುದೂ ಹೆಚ್ಚು. ಹಾಗಾಗಿ ಅದನ್ನೇ ವಿವರವಾಗಿ ಹೇಳುತ್ತೇನೆ.

ಮೊದಲು ಅಸ್ತರು. ತೊಡುವವಳು ಒಳಂಗಿ, ಸ್ಟೇಸ್, ಲಂಗ ಎಲ್ಲ ಧರಿಸಿ ನಿಲ್ಲಬೇಕು. ಲಿನನ್ ತುಂಡುಗಳನ್ನು ಅಂದಾಜಿನಲ್ಲಿ ದೊಡ್ಡದಾಗಿಯೇ ಕತ್ತರಿಸಿ, ಬೆನ್ನಿಗೆ ಎರಡು, ಮುಂದಕ್ಕೆ ಎರಡು, ಸ್ಟೇಸ್ ಮೇಲೆ ಸುಕ್ಕಿಲ್ಲದಂತೆ ಸವರಿ ಪಿನ್ನು ಚುಚ್ಚುತ್ತಾರೆ. ಗೌನಿನ ಬಿಗಿಯನ್ನೆಲ್ಲ ಹಿಡಿಯುವುದು ಈ ಅಸ್ತರು. ರೇಷ್ಮೆಗೆ ಎಳೆತ ಬೀಳಬಾರದು. ಒಬ್ಬರೇ ಹೊಲಿಯುವವರಿಗೆ ಇಲ್ಲಿ ತೊಡಕು. ಅಂಗಡಿಯ ಬೊಂಬೆ ಮೈಯಂತೆ ಒಳಕ್ಕೆ ಅದುಮಿಕೊಳ್ಳುವುದಿಲ್ಲ, ಅದರ ಭುಜವೂ ಹಿಂದಕ್ಕೆ ಸರಿಯುವುದಿಲ್ಲ. ಗೆಳತಿಯೊಬ್ಬಳ ಕೈ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಬಳಿಕ ಬೆನ್ನು. ಭುಜದಿಂದ ನೆಲದವರೆಗಿನ ಉದ್ದದ ಎರಡು ಪನ್ನಗಳನ್ನು ನಡುವೆ ಜೋಡಿಸಿ, ಅಸ್ತರಿನ ಮೇಲೆ ಇಳಿಬಿಟ್ಟು, ನಡುಬೆನ್ನಿನ ಎರಡೂ ಬದಿ ನೆರಿಗೆ ಹಿಡಿಯುತ್ತಾರೆ. ಮೇಲೆ ಕೊರಳ ಬಳಿ ಅಗಲ, ಸೊಂಟದ ಬಳಿ ಕಿರಿದು. ಈ ಇಳಿಜಾರೇ ಕಣ್ಣಿಗೆ ಸೊಂಟವನ್ನು ಸಣ್ಣದಾಗಿ ತೋರಿಸುತ್ತದೆ. ನೆರಿಗೆಯ ಅಂಚನ್ನು ಹೊರಗಿನಿಂದಲೇ, ಚುಕ್ಕೆಯಷ್ಟೇ ಕಾಣುವ ಸಣ್ಣ ಹೊಲಿಗೆಗಳಿಂದ, ಅಸ್ತರಿಗೆ ಸೇರಿಸಿ ಹೊಲಿಯುತ್ತಾರೆ. ಸೊಂಟಕ್ಕೆ ಬಂದ ಕೂಡಲೇ ಹೊಲಿಗೆ ನಿಲ್ಲಿಸಿದರೆ ಅಲ್ಲಿಂದ ಕೆಳಗೆ ನೆರಿಗೆಗಳು ಬಿಚ್ಚಿಕೊಂಡು ಲಂಗದ ಘೇರಾಗುತ್ತವೆ. ಇಡೀ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಕತ್ತರಿ ಒಂದೇ ಕಡೆ: ಬದಿಯಿಂದ ಸೊಂಟದ ಗೆರೆಯಲ್ಲಿ ನೆರಿಗೆಯ ತನಕ ಅಡ್ಡ ಸೀಳುವುದು. ಮೇಲಿನ ತುಂಡು ಬೆನ್ನಿನ ಬದಿಯಾಗುತ್ತದೆ, ಕೆಳಗಿನದು ಲಂಗವಾಗುತ್ತದೆ. ಲಂಗದ ಮಿಕ್ಕ ಪನ್ನಗಳನ್ನು ಇದಕ್ಕೆ ಸೇರಿಸಿ, ಎಲ್ಲವನ್ನೂ ಸಣ್ಣ ಸಣ್ಣ ನೆರಿಗೆಯಾಗಿ ಒತ್ತಿ, ರವಿಕೆ ಭಾಗದ ಕೆಳ ಅಂಚಿಗೆ ಕೂಡಿಸುವುದು. 1780ರ ಹೊತ್ತಿಗೆ ಬೆನ್ನನ್ನು ಬೇರೆ ತುಂಡುಗಳಾಗಿ ಕತ್ತರಿಸಿ, ಲಂಗವನ್ನು ಪೂರ್ತಿ ಬೇರ್ಪಡಿಸಿ ಹೊಲಿಯುವುದು ಹೆಚ್ಚಾಯಿತು. ಅದು ಸುಲಭ, ಆದರೆ ಹಳೆಯ ರೀತಿಯ ಚೆಲುವು ಅದಕ್ಕಿಲ್ಲ.

ಮುಂಭಾಗ 1770ರ ದಶಕದವರೆಗೂ ಸಾಮಾನ್ಯವಾಗಿ ತೆರೆದೇ ಇರುತ್ತಿತ್ತು. ನಡುವಿನ ಜಾಗಕ್ಕೆ ಸ್ಟಮಕರ್ ಎಂಬ ತ್ರಿಕೋನ ತುಂಡನ್ನು ಸ್ಟೇಸ್ ಮೇಲೆ ಪಿನ್ನು ಚುಚ್ಚಿ ಕೂರಿಸಿ, ಅದರ ಮೇಲೆ ಗೌನಿನ ಎರಡೂ ಅಂಚನ್ನು ಪಿನ್ನಿನಿಂದ ಹಿಡಿಸುತ್ತಿದ್ದರು. ಆಮೇಲೆ ಎರಡೂ ಅಂಚು ನಡುವೆ ಕೂಡುವ ಮಾದರಿ ಬಂತು, ಆಗಲೂ ಪಿನ್ನು ಇಲ್ಲವೇ ಕೊಕ್ಕೆ. ಬಟ್ಟೆ ಚುಚ್ಚುವ ಪಿನ್ನು ಮೈಗೆ ಚುಚ್ಚದೆ ಸ್ಟೇಸ್‌ನ ಪದರದಲ್ಲಿ ಉಳಿಯುತ್ತದೆ. ಬೆನ್ನ ಹಿಂದೆ ದಾರ ಎಳೆದು ಬಿಗಿಯುವ ಗೌನನ್ನು ಸಿನಿಮಾದಲ್ಲಿ ಪದೇ ಪದೇ ನೋಡುತ್ತೇವೆ. ಆಗ ಹಿಂದೆ ಬಿಗಿಯುತ್ತಿದ್ದದ್ದು ಮಕ್ಕಳ ಉಡುಪು ಮತ್ತು ಅರಮನೆಯ ಕಟ್ಟುನಿಟ್ಟಿನ ದರ್ಬಾರು ಉಡುಪು. ದಿನಬಳಕೆಯ ಗೌನು ಮುಂದೆಯೇ ಕೂಡುತ್ತಿತ್ತು.

ತೋಳು ಹೊಲಿಯುವ ರೀತಿ ಇಂದಿನ ಟೈಲರಿಗೆ ಅತಿ ಹೊಸದು. ತೋಳಿನ ಕೆಳಗಿನ ಅರ್ಧವನ್ನು ಮಾತ್ರ ಕಂಕುಳ ಸುತ್ತಿನಲ್ಲಿ ಒಳಗಿನಿಂದ ಬ್ಯಾಕ್‌ಸ್ಟಿಚ್ ಹಾಕಿ ಗಟ್ಟಿಯಾಗಿ ಕೂಡಿಸುತ್ತಾರೆ. ಮೇಲಿನ ಅರ್ಧವನ್ನು ತೊಟ್ಟವಳ ಭುಜದ ಮೇಲೆ ಎಳೆದು, ಹೆಚ್ಚಾದ ಬಟ್ಟೆಯನ್ನು ಸಣ್ಣ ಮಡಿಕೆಗಳಾಗಿ ಅಸ್ತರಿನ ಮೇಲೆ ಹೊರಗಿನಿಂದ ಹೊಲಿಯುತ್ತಾರೆ. ಆಗ ಆ ಒರಟು ಅಂಚೆಲ್ಲ ಹೊರಗೇ ಕಾಣುತ್ತಿರುತ್ತದೆ. ಕೊನೆಗೆ ರೇಷ್ಮೆಯ ಭುಜಪಟ್ಟಿಯೊಂದನ್ನು ಮುಂದಿನಿಂದ ಹಿಂದಕ್ಕೆ ಹಾಯಿಸಿ ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ಈ ಪಟ್ಟಿ ಕೊನೆಗೆ ಬರುವುದರಿಂದಲೇ ಭುಜದ ಇಳಿಜಾರು ಪ್ರತಿಯೊಬ್ಬರಿಗೂ ಸರಿಹೊಂದುತ್ತದೆ. ಇಂದಿನ ರವಿಕೆಯ ಹಾಗೆ ಮೊದಲೇ ಭುಜ ಜೋಡಿಸಿ ತೋಳು ಕೂರಿಸಿದರೆ, ಈ ಹೊಂದಿಕೆಯ ಅವಕಾಶವೇ ತಪ್ಪಿಹೋಗುತ್ತದೆ. ತೋಳುಕಂಡಿ ಚಿಕ್ಕದು, ಬೆನ್ನಿನ ಕಡೆಗೆ ಸರಿದದ್ದು. ಚಿಕ್ಕದಾದಷ್ಟೂ ಕೈ ಸಲೀಸಾಗಿ ಆಡುತ್ತದೆ ಎಂಬುದು ಹೊಲಿದು ತೊಟ್ಟ ಮೇಲೆಯೇ ನಂಬಿಕೆಯಾಗುವ ಸಂಗತಿ.

ಹೊಲಿಗೆಗಳ ವಿಷಯದಲ್ಲಿ ಗಾಬರಿ ಬೇಡ. ಎಳೆತ ಬೀಳುವಲ್ಲಿ ಬ್ಯಾಕ್‌ಸ್ಟಿಚ್, ಲಂಗದ ಉದ್ದಕ್ಕೆ ರನ್ನಿಂಗ್, ಅಂಚಿಗೆ ಹೆಮ್ಮಿಂಗ್. ಇವು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವವೇ. ಹೊಸದಾಗಿ ಕಲಿಯಬೇಕಾದದ್ದು ಮ್ಯಾಂಟುವಾ ಮೇಕರ್‌ಗಳ ಹೆಸರಿನದೇ ಒಂದು ಜೋಡಣೆ: ಎರಡು ತುಂಡುಗಳಲ್ಲಿ ಒಂದರ ಅಂಚನ್ನು ಸ್ವಲ್ಪ ಹೊರಗಿಟ್ಟು, ಅದನ್ನು ಇನ್ನೊಂದರ ಮೇಲೆ ಎರಡು ಬಾರಿ ಮಡಚಿ, ಎಲ್ಲ ಪದರಗಳಿಗೂ ಸೇರಿಸಿ ಒಂದೇ ಸಾಲು ಹೊಲಿಯುವುದು. ಜೋಡಣೆಯೂ ಆಯಿತು, ನೂಲು ಬಿಡದಂತೆ ಅಂಚೂ ಮುಚ್ಚಿತು. ಲಿನನ್ ದಾರಕ್ಕೆ ಜೇನುಮೇಣ ಸವರಿ ಹೊಲಿದರೆ ಸಿಕ್ಕುಬೀಳುವುದಿಲ್ಲ. ಮೆಷಿನ್ ಬಳಸಬಾರದೆ? ಸಿಂಗರ್ ತನ್ನ ಮೆಷಿನ್ನಿಗೆ ಪೇಟೆಂಟ್ ಪಡೆದದ್ದು 1851ರಲ್ಲಿ, ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಬಳಸಬಾರದು. ನನ್ನ ಮಾತು ಇಷ್ಟು: ಒಳಗಿನ ಉದ್ದ ಜೋಡಣೆಗಳಿಗೆ ಮೆಷಿನ್ ಹಾಕಿದವರ ಗೌನು, ಮೈಮೇಲೆ ಹೊಂದಿಸಿದ್ದಾದರೆ, ಪೇಪರ್ ಕಟಿಂಗ್ ಹಿಡಿದು ಪೂರ್ತಿ ಕೈಯಲ್ಲೇ ಹೊಲಿದ ಗೌನಿಗಿಂತ ನಿಜಕ್ಕೆ ಹತ್ತಿರ. ಅಲಂಕಾರಕ್ಕೆ ಅದೇ ಬಟ್ಟೆಯ ಪಟ್ಟಿಗಳು. ಅವುಗಳ ಅಂಚನ್ನು ಹೊಲಿಯದೆ, ಅಚ್ಚಿನ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ಹಲ್ಲು ಹಲ್ಲಾಗಿ ಕತ್ತರಿಸುತ್ತಿದ್ದರು. ಫ್ರಾನ್ಸಿನಲ್ಲಿ ಈ ಅಲಂಕಾರವೇ ಬೇರೆ ಕಸುಬು. ರಾಣಿ ಮರಿ ಅಂತ್ವಾನೆತ್‌ಗೆ ಉಡುಪಿನ ಮೆರುಗು ಕೊಟ್ಟು ಹೆಸರಾದ ರೋಸ್ ಬರ್ತಾಂ ಆ ಕಸುಬಿನವಳು.

ಬಟ್ಟೆ ಆರಿಸುವಾಗ ನಮ್ಮ ನಾಡಿನವರಿಗೆ ಅನುಕೂಲವೂ ಇದೆ, ಮೋಸಹೋಗುವ ಜಾಗವೂ ಇದೆ. ಆ ಕಾಲದ ರೇಷ್ಮೆ ಟಫೆಟಾದಂತೆ ಗರಿಗರಿ, ಮೈ ನುಣುಪು. ಬೆಂಗಳೂರಿನ ಸುತ್ತ ನೇಯುವ ಡುಪಿಯನ್ ರೇಷ್ಮೆಯನ್ನು ಹೊರದೇಶದ ಹವ್ಯಾಸಿಗಳೂ ಗೌನಿಗಾಗಿ ಕೊಳ್ಳುತ್ತಾರೆ. ಅದರ ಗರಿ ಸರಿ, ಆದರೆ ನೂಲಿನ ಗಂಟುಗಳು ಆ ಕಾಲದವರ ಕಣ್ಣಿಗೆ ದೋಷ. ಗಂಟು ಕಡಿಮೆಯಿರುವುದನ್ನು ಹುಡುಕಿ ಕೊಳ್ಳಬೇಕು. ಮೈಸೂರು ಸಿಲ್ಕ್ ನನಗೆ ಪ್ರಾಣ, ಆದರೆ ಇಲ್ಲಿ ಬೇಡ. ಅದು ಹುರಿಗೊಳಿಸಿದ ನೂಲಿನ ಕ್ರೇಪ್, ಮೈಗೆ ಜಾರಿ ಇಳಿಯುವ ಬಟ್ಟೆ. ಬೆನ್ನಿನ ನೆರಿಗೆ ಅದರಲ್ಲಿ ನಿಲ್ಲುವುದಿಲ್ಲ. ಬಣ್ಣದಲ್ಲೂ ಎಚ್ಚರ ಬೇಕು. ಕೃತಕ ಬಣ್ಣ ಬಂದದ್ದು 1856ರ ನಂತರ.

ಚೀಟಿ ಬಟ್ಟೆಯ, ಅಂದರೆ ಬಣ್ಣದ ಚಿತ್ರ ಬರೆದ ಹತ್ತಿ ಬಟ್ಟೆಯ, ಕಥೆ ಇನ್ನೂ ಹತ್ತಿರದ್ದು. ಮಚಲೀಪಟ್ಟಣದ ಸುತ್ತಿನ ಕೋರಮಂಡಲ ಕರಾವಳಿಯಲ್ಲಿ ಪಟಿಕದ ನೀರಿನಲ್ಲಿ ಚಿತ್ರ ಬರೆದು, ಚಾಯ ಬೇರಿನ ಕೆಂಪಿನಲ್ಲಿ ಕುದಿಸಿ, ಮೇಣ ಸವರಿ ನೀಲಿಯಲ್ಲಿ ಅದ್ದಿ ಮಾಡಿದ ಹತ್ತಿ ಬಟ್ಟೆ ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಯುರೋಪಿನಲ್ಲಿ ಆಗ ಯಾರಿಗೂ ಬಾರದ ವಿದ್ಯೆ ಅದು. ಜನ ಮುಗಿಬಿದ್ದರು, ಅಲ್ಲಿನ ನೇಕಾರರು ಕಂಗಾಲಾದರು. ಫ್ರಾನ್ಸ್ 1686ರಲ್ಲಿ ಇದನ್ನು ನಿಷೇಧಿಸಿ 1759ರಲ್ಲಿ ತೆರವು ಮಾಡಿತು. 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್ ನೇಕಾರರು ಬೀದಿಯಲ್ಲಿ ಚೀಟಿ ಗೌನು ತೊಟ್ಟ ಹೆಂಗಸರ ಮೇಲೆ ಬಿದ್ದು ಬಟ್ಟೆ ಹರಿದರು. 1721ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಿನ ಹತ್ತಿ ಬಟ್ಟೆ ತೊಡುವುದನ್ನೇ ತಡೆಯುವ ಕಾಯ್ದೆ ಬಂತು. 1774ರಲ್ಲಿ ಇಂಗ್ಲೆಂಡಿನಲ್ಲೇ ನೇಯ್ದ ಹತ್ತಿಗೆ ವಿನಾಯಿತಿ ಸಿಕ್ಕಿತು. ಹೀಗಾಗಿ ಚೀಟಿ ಗೌನು ಹೊಲಿಯುವವರು ಯಾವ ದೇಶ, ಯಾವ ವರ್ಷ ಎಂದು ಮೊದಲೇ ನಿಶ್ಚಯಿಸಬೇಕು. ಹಾಲೆಂಡಿನಲ್ಲಿ ಇಂಥ ತಡೆ ಇರಲಿಲ್ಲ, ಅಲ್ಲಿನ ಮ್ಯೂಸಿಯಂಗಳಲ್ಲಿ ನಮ್ಮ ಕರಾವಳಿಯ ಬಟ್ಟೆಯ ಉಡುಪುಗಳು ಇಂದಿಗೂ ಬಣ್ಣ ಮಾಸದೆ ಇವೆ. ಬಿಳಿ ನೆಲದ ಮೇಲೆ ಹೂಬಳ್ಳಿ ಹರಿದ ಕಲಂಕಾರಿ ಸಿಕ್ಕರೆ ಬಿಡಬೇಡಿ.

ಶತಮಾನದ ಕೊನೆಗೆ ಬಂಗಾಳದ ಮಸ್ಲಿನ್ ಎಲ್ಲವನ್ನೂ ಬದಲಿಸಿತು. 1783ರಲ್ಲಿ ಚಿತ್ರಕಾರ್ತಿ ವಿಜೇ ಲ ಬ್ರಂ ಬರೆದ ಚಿತ್ರದಲ್ಲಿ ಮರಿ ಅಂತ್ವಾನೆತ್ ಬಿಳಿ ಮಸ್ಲಿನ್ನಿನ ಸಡಿಲ ಗೌನಿನಲ್ಲಿ ಕಾಣಿಸಿಕೊಂಡಳು. ಕೊರಳಲ್ಲಿ ದಾರ ಎಳೆದು ನೆರಿಗೆ ಕೂಡಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿದ ಉಡುಪು. ರಾಣಿ ಒಳಂಗಿಯಲ್ಲೇ ಬಂದಳೆಂದು ಜನ ಕಿಡಿಕಾರಿ, ಚಿತ್ರವನ್ನೇ ಪ್ರದರ್ಶನದಿಂದ ತೆಗೆಸಿ ರೇಷ್ಮೆಯ ಉಡುಪಿನ ಇನ್ನೊಂದನ್ನು ಇಡಬೇಕಾಯಿತು. ಐದು ವರ್ಷದ ನಂತರ, 1788ರಲ್ಲಿ, ಬ್ರಿಟಿಷರ ವಿರುದ್ಧ ನೆರವು ಕೋರಿ ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು ಶ್ರೀರಂಗಪಟ್ಟಣದ ಕಡೆಯಿಂದ ಪ್ಯಾರಿಸ್ ತಲುಪಿದಾಗ ಅವರ ಉಡುಪು ನೋಡಲು ಜನಜಂಗುಳಿ ಸೇರಿತು. ಅವರಲ್ಲಿ ಒಬ್ಬನಾದ ಮೊಹಮ್ಮದ್ ದರ್ವೇಶ್ ಖಾನನನ್ನು ಅದೇ ವಿಜೇ ಲ ಬ್ರಂ ಹೂವಿನ ಬಿಳಿ ನಿಲುವಂಗಿಯಲ್ಲಿ ಕತ್ತಿ ಹಿಡಿದು ನಿಂತಂತೆ ಬರೆದಳು.

ಚಿತ್ರಗಳನ್ನು ನೋಡಿ ಹೊಲಿಯುವವರಿಗೆ ಒಂದು ಎಚ್ಚರಿಕೆ. ಚಿತ್ರಕಾರರು ಬಟ್ಟೆಯನ್ನು ತಮಗೆ ಬೇಕಾದಂತೆ ಬರೆಯುತ್ತಿದ್ದರು, ಹಿಂದಿನ ಶತಮಾನದ ಉಡುಪು ತೊಡಿಸಿ ಬರೆದದ್ದೂ ಉಂಟು. ಉಳಿದಿರುವ ಗೌನುಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಏಕೆಂದರೆ ವಿಕ್ಟೋರಿಯಾ ಕಾಲದವರು ವೇಷದ ಕೂಟಗಳಿಗೆಂದು ಅವುಗಳಿಗೆ ಹೊಸ ಕೊಕ್ಕೆ, ಡಾರ್ಟು ಹಾಕಿ ತಿದ್ದಿದ್ದಾರೆ. ಮೇಲಾಗಿ ಉಳಿದದ್ದು ಸಿರಿವಂತರ ರೇಷ್ಮೆ. ಬಡವರ ಉಣ್ಣೆ, ಲಿನನ್ ಸವೆದು ಚಿಂದಿಯಾಯಿತು. ಬಡವರ ಬಟ್ಟೆ ಹೇಗಿತ್ತು ಎಂಬುದಕ್ಕೆ ದೊಡ್ಡ ಸಾಕ್ಷಿ ಲಂಡನ್ನಿನ ಫೌಂಡ್ಲಿಂಗ್ ಅನಾಥಾಲಯದ ದಾಖಲೆಗಳಲ್ಲಿದೆ. ಸಾಕಲಾರದೆ ಕೂಸನ್ನು ಒಪ್ಪಿಸಿದ ತಾಯಂದಿರ ಮಕ್ಕಳನ್ನು ಮುಂದೆ ಗುರುತಿಸಲೆಂದು, ಒಂದೊಂದು ಬಟ್ಟೆಯ ಚೂರನ್ನು ನೋಂದಣಿ ಕಾಗದಕ್ಕೆ ಚುಚ್ಚಿಡುತ್ತಿದ್ದರು. 1741ರಿಂದ 1760ರವರೆಗಿನ ಅಂಥ ಸುಮಾರು 5,000 ಚೂರುಗಳು ಉಳಿದಿವೆ. ಅಚ್ಚಿನ ಹತ್ತಿ, ಪಟ್ಟೆಯ ಲಿನನ್, ಉಣ್ಣೆ, ರಿಬ್ಬನ್. ದುಡಿಯುವ ಹೆಂಗಸಿನ ಗೌನು ಹೊಲಿಯುವವರು ಅರಮನೆಯ ಚಿತ್ರಗಳಿಗಿಂತ ಮೊದಲು ಆ ಚೂರುಗಳನ್ನು ನೋಡಬೇಕು.

ಮೊದಲ ಬಾರಿ ಹೊಲಿಯುವವರು ಒಳಂಗಿಯಿಂದ ಆರಂಭಿಸಿ, ಸ್ಟೇಸ್‌ಗೆ ಸಮಯ ಕೊಟ್ಟು, ಲಂಗ ಮುಗಿಸಿ, ಆಮೇಲೆ ಗೌನಿಗೆ ಬನ್ನಿ. 44 ಇಂಚಿನ ಪನ್ನದಲ್ಲಾದರೆ ಗೌನಿಗೆ ಐದಾರು ಮೀಟರ್, ಅದೇ ಬಟ್ಟೆಯ ಲಂಗ ಬೇಕಿದ್ದರೆ ಇನ್ನು ಮೂರು ಮೀಟರ್ ಇರಲಿ. ಬೆನ್ನಿನ ನೆರಿಗೆಯನ್ನು ಮೊದಲು ಹಳೆಯ ಕಾಟನ್ ಬೆಡ್‌ಶೀಟಿನಲ್ಲಿ ಹಿಡಿದು ಅಭ್ಯಾಸ ಮಾಡಿ, ಕೈ ಕುದುರಿದ ಮೇಲೆ ಒಳ್ಳೆಯ ಬಟ್ಟೆಗೆ ಕತ್ತರಿ ಇಡಿ. ಮಿಕ್ಕ ಚೂರುಗಳನ್ನು ಎಸೆಯಬೇಡಿ, ಭುಜಪಟ್ಟಿಗೂ ಅಲಂಕಾರದ ಪಟ್ಟಿಗೂ ಅವೇ ಬೇಕಾಗುತ್ತವೆ.